ಪಂಪಿನ ಕಂಪನದಿಂದ ವಿದ್ಯುತ್: ಕೆಪ್ಯಾಸಿಟರ್ 2.2 ವೋಲ್ಟ್‌ಗೆ ಏರಿ ನಿಂತುಬಿಡುತ್ತದೆ

ಪ್ರಶ್ನೆ

ನಮಸ್ಕಾರ. ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೇರಿಸುವ ಮಾನೋಬ್ಲಾಕ್ ಪಂಪು ಓಡುತ್ತಿದೆಯೇ ಎಂಬುದನ್ನು ಬ್ಯಾಟರಿಯಿಲ್ಲದ ಬ್ಲೂಟೂತ್ ಬೀಕನ್ (ಫೋನಿಗೆ ಪುಟ್ಟ ಸಂಕೇತ ಕಳುಹಿಸುವ ಸಾಧನ) ಮೂಲಕ ತಿಳಿಯಬೇಕೆಂದಿದ್ದೇನೆ. ಎಸ್.ಪಿ. ರಸ್ತೆಯಲ್ಲಿ ಕೊಂಡ 27 ಮಿಲಿಮೀಟರ್ ಪೀಜೋ ಬಿಲ್ಲೆಯನ್ನು (ಬಾಗಿದಾಗ ವಿದ್ಯುತ್ ಹುಟ್ಟಿಸುವ ಬಿಲ್ಲೆ) ಸ್ಟೀಲ್ ಸ್ಕೇಲಿನ ತುಂಡಿಗೆ ಅಂಟಿಸಿ, ಅದರ ಒಂದು ತುದಿಯನ್ನು ಪಂಪಿನ ಬುಡಕ್ಕೆ ಬಿಗಿದು, ಇನ್ನೊಂದಕ್ಕೆ ಭಾರವಾಗಿ ನಟ್ ಸೇರಿಸಿದ್ದೇನೆ. ಬಿಲ್ಲೆಯನ್ನಷ್ಟೇ ಅಳೆದರೆ ಮಲ್ಟಿಮೀಟರ್ ಸುಮಾರು 6 ವೋಲ್ಟ್ ಎಸಿ ತೋರಿಸುತ್ತದೆ. ಎಸಿಯನ್ನು ಡಿಸಿ ಮಾಡುವ, ನಾಲ್ಕು 1ಎನ್5819 ಡಯೋಡ್‌ಗಳ ಬ್ರಿಡ್ಜ್ ದಾಟಿಸಿ 1000 ಮೈಕ್ರೋಫ್ಯಾರಡ್ ಎಲೆಕ್ಟ್ರೋಲೈಟಿಕ್ ಕೆಪ್ಯಾಸಿಟರಿಗೆ ಕೊಟ್ಟರೆ 2.2 ವೋಲ್ಟ್‌ನಿಂದ ಮೇಲೇರುವುದಿಲ್ಲ. ವೋಲ್ಟೇಜ್ ಓದಲೆಂದು ಕೆಪ್ಯಾಸಿಟರಿಗೆ ಅಡ್ಡಲಾಗಿ ಎರಡು 100 ಕಿಲೋಓಮ್ ರೆಸಿಸ್ಟರ್‌ಗಳ ಡಿವೈಡರ್ (ವೋಲ್ಟೇಜನ್ನು ಭಾಗಿಸಿ ಕೊಡುವ ಸರಣಿ ಜೋಡಿ) ಇದೆ. ಮುಂದೆ ಎಲ್‌ಟಿಸಿ3588-1 ಚಿಪ್ (ಪೀಜೋ ವಿದ್ಯುತ್ತನ್ನು ಸ್ಥಿರ ವೋಲ್ಟೇಜಿಗೆ ತರುವ ಚಿಪ್) ಜೋಡಿಸಬೇಕು. ಬಿಲ್ಲೆ ದುರ್ಬಲವೇ? ಇನ್ನೂ ನಾಲ್ಕು ಸೇರಿಸಲೇ?

ಉತ್ತರ 1

ಬಿಲ್ಲೆಗಳನ್ನು ಸದ್ಯಕ್ಕೆ ಕೊಳ್ಳಬೇಡಿ. ವೋಲ್ಟೇಜ್ ಒಂದು ಮಟ್ಟದಲ್ಲಿ ನಿಂತಿತೆಂದರೆ ಒಳಬರುವಷ್ಟೇ ಕರೆಂಟ್ ಎಲ್ಲಿಂದಲೋ ಹೊರಹೋಗುತ್ತಿದೆ ಎಂದರ್ಥ.

ನಿಮ್ಮ 6 ವೋಲ್ಟ್ ಎಸಿ ಎಂದರೆ ಶಿಖರದಲ್ಲಿ ಸುಮಾರು 8.4 ವೋಲ್ಟ್. ಇಂಥ ಬಿಲ್ಲೆಯ ಕೆಪ್ಯಾಸಿಟೆನ್ಸ್ ಸಾಮಾನ್ಯವಾಗಿ 20 ನ್ಯಾನೋಫ್ಯಾರಡ್ ಆಸುಪಾಸಿನಲ್ಲಿರುತ್ತದೆ. ಎರಡು ಪೋಲ್ ಮೋಟಾರು ನಿಮಿಷಕ್ಕೆ ಸುಮಾರು 2880 ಸುತ್ತು ತಿರುಗುವುದರಿಂದ ಕಂಪನ 48 ಹರ್ಟ್ಸ್ ಎಂದಿಟ್ಟುಕೊಳ್ಳೋಣ. ಬ್ರಿಡ್ಜ್ ದಾಟಿ ಬರುವ ಸರಾಸರಿ ಕರೆಂಟನ್ನು ಪಡೆಯಲು ಆವರ್ತನ ಮತ್ತು ಕೆಪ್ಯಾಸಿಟೆನ್ಸ್‌ಗಳ ಗುಣಲಬ್ಧವನ್ನು ನಾಲ್ಕರಿಂದ ಗುಣಿಸಿ, ಅದನ್ನು ಶಿಖರ ವೋಲ್ಟೇಜಿನಿಂದ ಕೆಪ್ಯಾಸಿಟರಿನ ವೋಲ್ಟೇಜನ್ನೂ ಡಯೋಡ್ ಇಳಿತವನ್ನೂ (ಡಯೋಡ್‌ಗಳಲ್ಲಿ ಕಳೆದುಹೋಗುವ ವೋಲ್ಟೇಜ್) ಕಳೆದು ಉಳಿದದ್ದರಿಂದ ಗುಣಿಸಬೇಕು. ಹಾಗೆ ಲೆಕ್ಕ ಹಾಕಿದರೆ 2.2 ವೋಲ್ಟ್‌ನಲ್ಲಿ ನಿಮ್ಮ ಬಿಲ್ಲೆ ಸುಮಾರು 22 ಮೈಕ್ರೋಆಂಪಿಯರ್ ಕೊಡುತ್ತಿದೆ, ಅದರಲ್ಲಿ ಸರಿಯಾಗಿ ಅರ್ಧ, ಅಂದರೆ 11 ಮೈಕ್ರೋಆಂಪಿಯರ್, ಡಿವೈಡರಿನ ಪಾಲು. ಉಳಿದರ್ಧ ಡಯೋಡ್‌ಗಳಲ್ಲೂ ಕೆಪ್ಯಾಸಿಟರಿನಲ್ಲೂ ಸೋರುತ್ತಿದೆ.

ಇದನ್ನು ಅಳೆದೇ ನೋಡಬಹುದು. ಡಿವೈಡರ್ ತೆಗೆದು, ಪಂಪು ನಿಲ್ಲಿಸಿ, ಕೆಪ್ಯಾಸಿಟರ್ ಎಷ್ಟು ಬೇಗ ಇಳಿಯುತ್ತದೆಂದು ಗಮನಿಸಿ: 1000 ಮೈಕ್ರೋಫ್ಯಾರಡ್‌ನಲ್ಲಿ ಸೆಕೆಂಡಿಗೆ 1 ಮಿಲಿವೋಲ್ಟ್ ಇಳಿದರೆ ಸೋರಿಕೆ 1 ಮೈಕ್ರೋಆಂಪಿಯರ್. ಬಳಿಕ ಬ್ರಿಡ್ಜಿನ ಒಂದು ಕಾಲು ಬಿಚ್ಚಿ ಮತ್ತೆ ನೋಡಿ. ಆಗಲೂ ಬೇಗ ಇಳಿದರೆ ಕೆಪ್ಯಾಸಿಟರೇ ಕಾರಣ. ಅಂಗಡಿಯಲ್ಲಿ ಬಹುಕಾಲ ಬಿದ್ದಿದ್ದ ಎಲೆಕ್ಟ್ರೋಲೈಟಿಕ್ ಮೊದಮೊದಲು ಹೆಚ್ಚು ಸೋರುವುದುಂಟು. ಮೀಟರನ್ನು ಮುಟ್ಟಿಸಿ ಓದಿ ತೆಗೆಯಿರಿ, ಹಚ್ಚಿಯೇ ಇಡಬೇಡಿ.

ನಿಮ್ಮ 1ಎನ್5819ರಂಥ ಷಾಟ್ಕಿ ಡಯೋಡಿನ ಇಳಿತ ಕಡಿಮೆ ಎಂದು ಎಲ್ಲರೂ ಅದನ್ನೇ ಹಾಕುತ್ತಾರೆ, ಆದರೆ ಮೈಕ್ರೋಆಂಪಿಯರ್ ಮಟ್ಟದಲ್ಲಿ ಆ ಲಾಭ ಅದರ ಹಿಮ್ಮುಖ ಸೋರಿಕೆಯಲ್ಲಿ ಕರಗಿಹೋಗುತ್ತದೆ, ಪಂಪ್ ರೂಮಿನ ಸೆಕೆಯಲ್ಲಂತೂ ಸೋರಿಕೆ ಇನ್ನೂ ಹೆಚ್ಚು. ಸಾಮಾನ್ಯ 1ಎನ್4148 ಇಲ್ಲಿ ವಾಸಿ. ನಿಮಗೆ ಅದೂ ಬೇಡ: ಎಲ್‌ಟಿಸಿ3588-1ರ ಒಳಗೇ ಬ್ರಿಡ್ಜ್ ಇರುವುದರಿಂದ ಬಿಲ್ಲೆಯನ್ನು ನೇರವಾಗಿ ಪಿಜೆಡ್1, ಪಿಜೆಡ್2 ಪಿನ್‌ಗಳಿಗೆ ಕೊಡಿ. 3.3 ವೋಲ್ಟ್ ಔಟ್‌ಪುಟ್ ಆಯ್ದರೆ ಚಿಪ್ ಸುಮಾರು 5.05 ವೋಲ್ಟ್‌ನಲ್ಲಿ ಎದ್ದು 3.67ರಲ್ಲಿ ಮಲಗುತ್ತದೆ, ಬಿಲ್ಲೆ ಗರಿಷ್ಠ ಶಕ್ತಿ ಕೊಡುವ 4.2 ವೋಲ್ಟ್ ಅವೆರಡರ ನಡುವೆಯೇ ಬೀಳುತ್ತದೆ. ಇನ್‌ಪುಟ್ ಕೆಪ್ಯಾಸಿಟರನ್ನು 220 ಮೈಕ್ರೋಫ್ಯಾರಡ್‌ಗೆ ಇಳಿಸಿದರೆ ಒಂದೆರಡು ನಿಮಿಷದಲ್ಲಿ ತುಂಬಬೇಕು.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಸರ್. ಡಿವೈಡರ್, ಬ್ರಿಡ್ಜ್ ಎರಡನ್ನೂ ತೆಗೆದ ಮೇಲೆ ಇನ್‌ಪುಟ್ 5 ವೋಲ್ಟ್ ದಾಟಿ ಚಿಪ್ ಎದ್ದಿತು. ಆದರೆ ಔಟ್‌ಪುಟ್ 2 ವೋಲ್ಟ್ ಮುಟ್ಟುವಷ್ಟರಲ್ಲಿ ಮತ್ತೆ ಕುಸಿಯುತ್ತದೆ, ಬೀಕನ್ ಫೋನಿನಲ್ಲಿ ಕಾಣಿಸುವುದೇ ಇಲ್ಲ.

ಉತ್ತರ 2

ಬೀಕನ್ನಿನ ಮೈಕ್ರೋಕಂಟ್ರೋಲರ್ 1.8 ವೋಲ್ಟ್ ಸುಮಾರಿಗೇ ಎಚ್ಚರಗೊಂಡು, ಔಟ್‌ಪುಟ್ ಕೆಪ್ಯಾಸಿಟರ್ ತುಂಬುವ ಮೊದಲೇ ಅದನ್ನು ಬರಿದು ಮಾಡುತ್ತಿರಬೇಕು. ಔಟ್‌ಪುಟ್ ನಿಗದಿತ ಮಟ್ಟದ ಶೇ. 92 ಮುಟ್ಟಿದಾಗ ಚಿಪ್ಪಿನ ಪಿಗುಡ್ ಪಿನ್ ಮೇಲೇರುತ್ತದೆ. ಅದರಿಂದ ಒಂದು ಲೋಡ್ ಸ್ವಿಚ್ ನಡೆಸಿ, ಬೀಕನ್ನಿಗೆ ಆಮೇಲಷ್ಟೇ ವಿದ್ಯುತ್ ಕೊಡಿ. 220 ಮೈಕ್ರೋಫ್ಯಾರಡ್‌ನಲ್ಲಿ 5.05ರಿಂದ 3.67 ವೋಲ್ಟ್‌ವರೆಗೆ ಸಿಗುವುದು ಸುಮಾರು 1.3 ಮಿಲಿಜೂಲ್ ಮಾತ್ರ. ಹಾಗಾಗಿ ಫರ್ಮ್‌ವೇರಿನಲ್ಲಿ ಸೀರಿಯಲ್ ಪೋರ್ಟ್, ಎಲ್‌ಇಡಿ ಎಲ್ಲವನ್ನೂ ತೆಗೆದುಹಾಕಿ, ಎದ್ದ ಕೂಡಲೇ ಒಂದು ಪ್ಯಾಕೆಟ್ ಕಳುಹಿಸಿ ಮಲಗುವಂತೆ ಬರೆಯಿರಿ. ಅಷ್ಟಾದ ಮೇಲೂ ಸಾಲದೆ ಬಂದರೆ ತುದಿಯ ನಟ್‌ಗಳನ್ನು ಬದಲಿಸಿ, ಸ್ಕೇಲಿನ ಪಟ್ಟಿಯ ಅನುನಾದ (ಅದು ಅತಿ ಹೆಚ್ಚು ಕಂಪಿಸುವ ಆವರ್ತನ) ಪಂಪಿನ ವೇಗಕ್ಕೆ ಹೊಂದುತ್ತಿದೆಯೇ ಎಂದು ನೋಡಿ. ಒಂದೆರಡು ಹರ್ಟ್ಸ್ ತಪ್ಪಿದರೂ ವೋಲ್ಟೇಜ್ ಗಣನೀಯವಾಗಿ ಇಳಿಯುತ್ತದೆ.