‘ಒಳಾಂಗಣ ಫುಟ್‌ಬಾಲ್’ ಅಂದರೆ ಯಾವ ಆಟ?

ಗೆಳೆಯರೇ,

ಯುರೋಪಿನ ಫುಟ್‌ಸಾಲ್ ಚಾಂಪಿಯನ್ಸ್ ಲೀಗ್ ಬಗ್ಗೆ ಚಿಕ್ಕದೊಂದು ಪರಿಚಯ ಬರೆಯಲು ಕೂತೆ. ಮೊದಲ ಸಾಲು ಹೀಗೆ ಬಂತು: ‘ಇದು ಒಳಾಂಗಣ ಫುಟ್‌ಬಾಲ್‌ನ ಅಂತರರಾಷ್ಟ್ರೀಯ ಕ್ಲಬ್ ಟೂರ್ನಿ.’ ಓದಲು ಏನೂ ತೊಡಕಿಲ್ಲ. ಆದರೆ ಎರಡನೇ ಸಾಲಿಗೆ ಹೋಗಲು ಆಗಲೇ ಇಲ್ಲ.

ಮೊದಲ ಕಿರಿಕಿರಿ ‘ಒಳಾಂಗಣ’ದ್ದು. ಅಂಗಣ ಅಂದರೆ ಅಂಗಳ, ತೆರೆದ ಜಾಗ. ಅದಕ್ಕೆ ‘ಒಳ’ ಸೇರಿಸಿ ಸೂರಿನ ಕೆಳಗೆ ತಂದುಬಿಟ್ಟಿದ್ದೇವೆ. ‘ಒಳಾಂಗಣ ಕ್ರೀಡಾಂಗಣ’ ಅಂತ ಎರಡೆರಡು ಅಂಗಣ ಹಾಕುವುದೂ ಉಂಟು. ರೂಢಿಯಾಗಿದೆ, ಬಿಡಿ. ನನ್ನ ತಕರಾರು ಅದಲ್ಲ. ಸೂರಿನ ಕೆಳಗೆ ಆಡುವ ಫುಟ್‌ಬಾಲ್ ಒಂದೇ ಬಗೆಯದಲ್ಲ. ಅಮೆರಿಕದಲ್ಲಿ ಹೆಸರು ಮಾಡಿದ ಆಟದಲ್ಲಿ ಸುತ್ತ ಗೋಡೆ ಇರುತ್ತದೆ. ಚೆಂಡು ಗೋಡೆಗೆ ಬಡಿದು ವಾಪಸ್ ಬಂದರೆ ಆಟ ಮುಂದುವರಿಯುತ್ತದೆ. ಫುಟ್‌ಸಾಲ್‌ನಲ್ಲಿ ಗೋಡೆ ಇಲ್ಲ, ಗೆರೆ ಮಾತ್ರ. ಚೆಂಡು ಪಕ್ಕದ ಗೆರೆ ದಾಟಿದರೆ ನಾಲ್ಕು ಸೆಕೆಂಡಿನೊಳಗೆ ಕಾಲಿನಿಂದಲೇ ಒಳಗೆ ಒದೆಯಬೇಕು. ಗೋಲ್‌ಕೀಪರ್ ಸೇರಿ ತಂಡಕ್ಕೆ ಐದು ಜನ. ಚೆಂಡು ಚಿಕ್ಕದು, ಜಾಸ್ತಿ ಪುಟಿಯುವುದಿಲ್ಲ. 20 ನಿಮಿಷದ ಎರಡು ಅವಧಿ, ಆಟ ನಿಂತಾಗಲೆಲ್ಲ ಗಡಿಯಾರವೂ ನಿಲ್ಲುತ್ತದೆ. ಇದನ್ನು ಬಯಲಿನ ಗಟ್ಟಿ ನೆಲದ ಅಂಕಣದಲ್ಲೂ ಆಡುತ್ತಾರೆ. ಆಗ ‘ಒಳಾಂಗಣ ಫುಟ್‌ಬಾಲನ್ನು ಹೊರಾಂಗಣದಲ್ಲಿ ಆಡಿದರು’ ಅಂತ ಬರೆಯಬೇಕು! ನಗು ಬರುತ್ತೆ, ಅಲ್ವಾ?

ಹಾಗಾದರೆ ಮೂಲ ಹೆಸರಿನಲ್ಲಿ ಏನಿದೆ? ಈ ಆಟ ಹುಟ್ಟಿದ್ದು ಉರುಗ್ವೆಯ ಮಾಂಟೆವಿಡಿಯೊದಲ್ಲಿ, 1930ರಲ್ಲಿ. ವೈಎಂಸಿಎಯಲ್ಲಿದ್ದ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಶಿಕ್ಷಕರು ಇದನ್ನು ರೂಪಿಸಿದರು. ಸ್ಪ್ಯಾನಿಷ್‌ನಲ್ಲಿ ‘ಫುಟ್ಬೋಲ್ ಸಾಲಾ’, ಪೋರ್ಚುಗೀಸ್‌ನಲ್ಲಿ ‘ಫುಟೆಬೋಲ್ ಡೆ ಸಲಾಂವ್’. ಅವನ್ನು ಮೊಟಕು ಮಾಡಿದರೆ ಫುಟ್‌ಸಾಲ್. ಸಾಲಾ ಅಂದರೆ ದೊಡ್ಡ ಕೋಣೆ. ಇದನ್ನು ನೋಡಿದ ತಕ್ಷಣ ನನಗೆ ನಮ್ಮ ‘ಪಡಸಾಲೆ’ ನೆನಪಾಯಿತು. ಬೇರು ಬೇರೆ. ನಮ್ಮ ಸಾಲೆ ಸಂಸ್ಕೃತದ ಶಾಲೆಯಿಂದ ಬಂದದ್ದು. ಆದರೂ ಧ್ವನಿ, ಅರ್ಥ ಎರಡೂ ಇಷ್ಟು ಹತ್ತಿರ ಇರುವಾಗ ‘ಪಡಸಾಲೆ ಚೆಂಡಾಟ’ ಅನ್ನುವ ಆಸೆ ಯಾರಿಗೆ ಬರಲ್ಲ? ಒಂದು ಗಂಟೆ ಖುಷಿಪಟ್ಟೆ. ಆಮೇಲೆ ಅಳಿಸಿದೆ. ಪಡಸಾಲೆಯಲ್ಲಿ ಚೆಂಡು ಒದ್ದರೆ ಬೈಗುಳ ಸಿಗುತ್ತದೆ, ಕಪ್ ಸಿಗುವುದಿಲ್ಲ.

ಹೆಸರನ್ನು ಅನುವಾದಿಸಿದರೆ ಏನಾಗುತ್ತದೆ ಅನ್ನಲು ರಷ್ಯನ್ನರೇ ಉದಾಹರಣೆ. ಅವರು ಇದನ್ನು ‘ಮಿನಿ ಫುಟ್‌ಬಾಲ್’ ಅಂದರು. ಆದರೆ ಅದೇ ಹೆಸರಿನಲ್ಲಿ ಹುಲ್ಲುಹಾಸಿನ ಮೇಲೆ ಆಡುವ ಇನ್ನೊಂದು ಆಟವೂ ಇದೆ. ಹಾಗಾಗಿ ನಾನು ಫುಟ್‌ಸಾಲ್ ಅಂತಲೇ ಇಟ್ಟುಕೊಳ್ಳುತ್ತೇನೆ. ಒಂದೇ ಎಚ್ಚರಿಕೆ: ‘ಫುಟ್‌ಸಾಲ್‌ನ ಟೂರ್ನಿ’ ಎನ್ನಿ. ‘ಫುಟ್‌ಸಾಲದ ಟೂರ್ನಿ’ ಅಂದರೆ ಯಾರೋ ಸಾಲ ಮಾಡಿ ಆಡಿಸಿದ ಹಾಗೆ ಕೇಳುತ್ತದೆ.

ಈಗ ‘ಅಂತರರಾಷ್ಟ್ರೀಯ’. ಅಂತರರಾಷ್ಟ್ರೀಯವೋ ಅಂತಾರಾಷ್ಟ್ರೀಯವೋ ಎಂಬ ಹಳೇ ಜಗಳ ಇಲ್ಲಿ ಬೇಡ. ಕ್ರೀಡಾಪುಟದಲ್ಲಿ ‘ಅಂತರರಾಷ್ಟ್ರೀಯ ಪಂದ್ಯ’ ಅಂದರೆ ದೇಶ-ದೇಶಗಳ ತಂಡಗಳ ಪಂದ್ಯ ಎಂದೇ ಓದುತ್ತೇವೆ. ಕ್ಲಬ್ ಟೂರ್ನಿಯಲ್ಲಿ ಆ ಓದು ತಲೆಕೆಳಗಾಗುತ್ತದೆ. 2018ರ ಫೆಬ್ರುವರಿಯಲ್ಲಿ ರಿಕಾರ್ಡಿನ್ಹೊ ನಾಯಕರಾಗಿದ್ದ ಪೋರ್ಚುಗಲ್ ತಂಡ ಸ್ಪೇನನ್ನು ಸೋಲಿಸಿ ಫುಟ್‌ಸಾಲ್‌ನ ಯುರೋಪ್ ಚಾಂಪಿಯನ್ ಆಯಿತು. ಏಪ್ರಿಲ್‌ನಲ್ಲಿ ಅದೇ ರಿಕಾರ್ಡಿನ್ಹೊ ಇದ್ದ ಸ್ಪೇನ್‌ನ ಇಂಟರ್ ಕ್ಲಬ್, ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬನ್ನು ಈ ಕ್ಲಬ್ ಟೂರ್ನಿಯ ಫೈನಲ್‌ನಲ್ಲಿ 5–2ರಿಂದ ಸೋಲಿಸಿತು. ಎರಡಕ್ಕೂ ‘ಅಂತರರಾಷ್ಟ್ರೀಯ’ ಎಂಬ ಒಂದೇ ಪದ ಹಾಕಿ, ‘ಸ್ಪೇನ್‌ಗೆ ಜಯ’ ಅಂತ ತಲೆಬರಹ ಕೊಟ್ಟರೆ ಓದುಗ ಎಲ್ಲಿಗೆ ಹೋಗಬೇಕು?

ಕ್ಲಬ್ ಪದವನ್ನು ಮುಟ್ಟಲು ಹೋಗಲಿಲ್ಲ. ‘ಸಂಘ’ ಅಂದರೆ ಟೂರ್ನಿ ನಡೆಸುವವರೂ ಸಂಘವೇ, ಆಡುವವರೂ ಸಂಘವೇ.

ಕೊನೆಗೆ ಸಾಲನ್ನು ಹೀಗೆ ತಿದ್ದಿದೆ: ‘ಇದು ಯುರೋಪಿನ ಬೇರೆ ಬೇರೆ ದೇಶಗಳ ಫುಟ್‌ಸಾಲ್ ಕ್ಲಬ್‌ಗಳು ಆಡುವ ಟೂರ್ನಿ.’ ಸಮಾಧಾನ ಆಯಿತು ಅನ್ನುವಷ್ಟರಲ್ಲಿ ಗೆದ್ದವರ ಪಟ್ಟಿ ನೋಡಿದೆ. 2013 ಮತ್ತು 2015ರಲ್ಲಿ ಗೆದ್ದದ್ದು ಕಜಕಸ್ತಾನದ ಅಲ್ಮಾಟಿಯ ಕೈರಾತ್. ಭೂಪಟದಲ್ಲಿ ಅಲ್ಮಾಟಿ ಏಷ್ಯಾದಲ್ಲಿದೆ, ಫುಟ್‌ಬಾಲ್‌ನಲ್ಲಿ ಯುರೋಪಿನಲ್ಲಿ! ಅದಕ್ಕೆ ‘ಯುರೋಪಿನ’ ತೆಗೆದು ‘ಯುಇಎಫ್‌ಎ ಸದಸ್ಯ ದೇಶಗಳ’ ಎಂದು ಹಾಕಿದ್ದೇನೆ. ಯುಇಎಫ್‌ಎ ಅಂದರೆ ಯುರೋಪಿನ ಫುಟ್‌ಬಾಲ್ ಒಕ್ಕೂಟ, ಕಜಕಸ್ತಾನವೂ ಅದರ ಸದಸ್ಯ. ಸ್ವಲ್ಪ ಒಣ ಒಣ ಅನ್ನಿಸುತ್ತೆ, ಆದರೆ ತಪ್ಪಿಲ್ಲ.

ನಿಮ್ಮನ್ನು ಕೇಳಬೇಕಾದದ್ದು ಇನ್ನೊಂದು ಪದ. ಈ ಟೂರ್ನಿಯ ಸೆಮಿಫೈನಲ್, ಫೈನಲ್ ಎರಡನ್ನೂ ಸಾಮಾನ್ಯವಾಗಿ ಒಂದೇ ಊರಿನಲ್ಲಿ ಎರಡು ಮೂರು ದಿನದಲ್ಲಿ ಮುಗಿಸುತ್ತಾರೆ. ಇಡೀ ಕೂಟಕ್ಕೆ ‘ಫೈನಲ್ ಫೋರ್’ ಅಂತ ಹೆಸರು. ‘ನಾಲ್ಕರ ಘಟ್ಟ’ ಅನ್ನೋಣವೆಂದರೆ ಕನ್ನಡದಲ್ಲಿ ಅದು ಬರೀ ಸೆಮಿಫೈನಲ್ ಆಗಿಬಿಟ್ಟಿದೆ. ‘ನಾಲ್ವರ ಕೂಟ’ ಅಂದರೆ ಆಟಗಾರರು ನಾಲ್ಕೇ ಜನ ಅನ್ನಿಸುತ್ತದೆ. ಸದ್ಯಕ್ಕೆ ‘ನಾಲ್ಕು ಕ್ಲಬ್‌ಗಳ ಅಂತಿಮ ಸುತ್ತು’ ಅಂತ ಬರೆದಿದ್ದೇನೆ. ಇದಕ್ಕಿಂತ ಚಿಕ್ಕದಾದ್ದು ಯಾರಿಗಾದರೂ ಹೊಳೆಯುತ್ತದೆಯೇ?