ಡೆವಿಲ್ ಮೇ ಕ್ರೈ 3 ಸಂಜೆ ಆದರೆ ಸ್ಲೋ ಮೋಷನ್! ಯಾಕೆ ಅಂತ ಯಾರಾದ್ರೂ ಹೇಳಿ

ಕಳಸದ_ಹುಡುಗ:
ಸಹಾಯ ಮಾಡಿ ಮಾರಾಯ್ರೆ. ಡೆವಿಲ್ ಮೇ ಕ್ರೈ ವಿಡಿಯೋ ಗೇಮನ್ನು ಒಂದರಿಂದ ಐದರವರೆಗೆ ಸಾಲಾಗಿ ಮುಗಿಸಬೇಕು ಅಂತ ಹಟ ಹಿಡಿದು ಕೂತಿದ್ದೇನೆ. ಒಂದನ್ನು ಬೇಸಿಗೆ ರಜೆಯಲ್ಲಿ ಮುಗಿಸಿದೆ, ಏನೂ ತೊಂದರೆ ಇರಲಿಲ್ಲ. ಎರಡನ್ನು ಹೇಗೋ ಹಲ್ಲು ಕಚ್ಚಿಕೊಂಡು ದಾಟಿದೆ. ಈಗ ಮೂರರ ಏಳನೇ ಮಿಷನ್‌ನಲ್ಲಿ ಬಾಸ್ ವರ್ಜಿಲ್ ಎದುರು ಸಿಕ್ಕಿಹಾಕಿಕೊಂಡಿದ್ದೇನೆ. ಸಂಜೆ ಆಡುವಾಗ ಇದ್ದಕ್ಕಿದ್ದಂತೆ ಆಟ ಸ್ಲೋ ಮೋಷನ್‌ಗೆ ಹೋಗುತ್ತದೆ. ಮ್ಯೂಸಿಕ್ ಸರಿಯಾಗೇ ಬರುತ್ತದೆ, ನಾನು ಆಡಿಸುವ ಡಾಂಟೆ ಮಾತ್ರ ಕತ್ತಿ ಎತ್ತೋದಕ್ಕೂ ಮುಹೂರ್ತ ನೋಡುತ್ತಾನೆ. ಸ್ವಲ್ಪ ಹೊತ್ತು ಹಾಗೇ ಇದ್ದು, ಫೈಟಿನ ಮಧ್ಯದಲ್ಲೇ ದಿಢೀರಂತ ಪೂರ್ತಿ ಸ್ಪೀಡು ಬರುತ್ತದೆ, ಅಷ್ಟರಲ್ಲಿ ಕೈ ನಿಧಾನಕ್ಕೆ ಒಗ್ಗಿರುತ್ತದೆ, ವರ್ಜಿಲ್ ಬಂದು ಸೀಳಿಬಿಡುತ್ತಾನೆ. ಬೆಳಿಗ್ಗೆ ಆಡಿದರೆ ಏನೂ ಇಲ್ಲ. ಆಟ ಅಳಿಸಿ ಮತ್ತೆ ಹಾಕಿದೆ. ಡ್ರೈವರ್ ಅಪ್‌ಡೇಟ್ ಮಾಡಿದೆ. ಲ್ಯಾಪ್‌ಟಾಪ್ ಒಳ್ಳೇದೇ ಇದೆ.

ರಾಯಲ್‌ಗಾರ್ಡ್_ರಾಜ:
"ಒಳ್ಳೇದೇ" ಅನ್ನೋದು ಯಾವ ಗ್ರಾಫಿಕ್ಸ್ ಕಾರ್ಡು ಗುರು? ಸಮಯವನ್ನೇ ನಿಧಾನ ಮಾಡುವ ಕ್ವಿಕ್‌ಸಿಲ್ವರ್ ಸ್ಟೈಲ್ ಹಾಕಿಕೊಂಡು ಸ್ಲೋ ಮೋಷನ್ ಅಂತ ಕಂಪ್ಲೇಂಟ್ ಮಾಡ್ತಿಲ್ಲ ತಾನೇ?

ಕಳಸದ_ಹುಡುಗ:
ಕ್ವಿಕ್‌ಸಿಲ್ವರ್ ಸಿಗೋದು ಹನ್ನೆರಡನೇ ಮಿಷನ್‌ನಲ್ಲಿ ಗೆರಿಯನ್ ಅನ್ನೋ ಬಾಸ್ ಸತ್ತ ಮೇಲೆ. ನಾನು ಏಳರಲ್ಲಿದ್ದೇನೆ ಅಂತ ಬರೆದಿದ್ದೇನೆ ಅಲ್ವಾ. ಕಾರ್ಡು ಎನ್‌ವಿಡಿಯಾ 3050, ರ‍್ಯಾಮ್ 16 ಜಿಬಿ. ಆಟ ಮೊದಲ ಮೂರು ಭಾಗ ಸೇರಿದ ಎಚ್‌ಡಿ ಕಲೆಕ್ಷನ್, ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಯದ್ದು.

ಹಳೇ_ಪಿಎಸ್2:
ಇದು 50 ಹರ್ಟ್ಜ್ ಸಮಸ್ಯೆ. ಕಣ್ಣು ಮುಚ್ಚಿಕೊಂಡು ಹೇಳ್ತೀನಿ. ನಾವು ಹಾಸನದಲ್ಲಿ ಪ್ಲೇಸ್ಟೇಷನ್ 2 (ಪಿಎಸ್2) ಕಾಲದಿಂದ ನೋಡ್ತಾ ಬಂದಿದ್ದೇವೆ. ನಮ್ಮ ಕಡೆ ಪಾಲ್ ಅನ್ನೋ ಟಿವಿ ಪದ್ಧತಿಯ ಡಿಸ್ಕು, ಸೆಕೆಂಡಿಗೆ 50 ಚಿತ್ರ. ಜಪಾನಿನವರು 60ಕ್ಕೆ ಮಾಡಿದ ಆಟ 50ರಲ್ಲಿ ಓಡಿದರೆ ನಿಧಾನ ಆಗದೆ ಇನ್ನೇನಾಗುತ್ತದೆ? ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ (ಸ್ಕ್ರೀನು ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನೋದು) ನೋಡಿ.

ಕಳಸದ_ಹುಡುಗ:
ನೋಡಿದೆ. 60 ಇದೆ.

ಹಳೇ_ಪಿಎಸ್2:
ಸಂಜೆ ನೋಡಿ. ಬೆಳಿಗ್ಗೆ 60 ಇದ್ದು ಸಂಜೆ ಬದಲಾಗಿರಬಹುದು.

ರಾಯಲ್‌ಗಾರ್ಡ್_ರಾಜ:
ಹರ್ಟ್ಜ್ ಏನು ಎಮ್ಮೆಯಾ, ಬೆಳಿಗ್ಗೆ ಮೇಯೋದಕ್ಕೆ ಹೋಗಿ ಸಂಜೆ ಬರೋದಕ್ಕೆ? ಅದಿರಲಿ, ಮೂರನೇ ಭಾಗವನ್ನು ಮೂರನೆಯದಾಗಿ ಯಾಕೆ ಆಡ್ತಿದ್ದೀಯಾ? ಕಥೆ ಶುರುವಾಗೋದೇ ಮೂರರಿಂದ. 3, 1, 2, 4, 5, ಹೀಗೆ ಆಡಬೇಕು.

ಬೇಲೂರು_144:
ಬೇಡವೇ ಬೇಡ. 2005ರ ಮೂರನ್ನು ಮೊದಲು ಆಡಿ, ಆಮೇಲೆ 2001ರ ಒಂದಕ್ಕೆ ಹೋದರೆ ಸ್ಟೈಲೂ ಇಲ್ಲ ಏನೂ ಇಲ್ಲ, ಕೈ ಕಟ್ಟಿಹಾಕಿದ ಹಾಗಾಗುತ್ತದೆ. ಒಂದನೆಯದು ರೆಸಿಡೆಂಟ್ ಈವಿಲ್ 4 ಅಂತ ಶುರುವಾಗಿ ಆಮೇಲೆ ಬೇರೆ ಆಟವಾದದ್ದು, ಕ್ಯಾಮೆರಾ ನೋಡಿದರೇ ಗೊತ್ತಾಗುತ್ತದೆ. ಬಂದ ಕ್ರಮದಲ್ಲೇ ಆಡಬೇಕು. ಎರಡನ್ನು ಮಾತ್ರ ಬಿಡಬಹುದು. ಹೆಲಿಕಾಪ್ಟರ್ ಜೊತೆ ಫೈಟು, ಬಂದೂಕು ಒತ್ತಿ ಹಿಡಿದು ಕೂತರೆ ಬಾಸ್ ಸಾಯುತ್ತದೆ, ಅದೊಂದು ಆಟವಾ?

ರಾಯಲ್‌ಗಾರ್ಡ್_ರಾಜ:
ಎರಡರಲ್ಲೇ ಅಲ್ವಾ ಒಂದು ಬಟನ್‌ನಲ್ಲಿ ಬಂದೂಕು ಬದಲಾಯಿಸೋದು, ಗೋಡೆ ಮೇಲೆ ಓಡೋದು, ಸಾಲಾಗಿ ಬರುವ ಶತ್ರುಗಳನ್ನು ಮುಗಿಸುವ ಬ್ಲಡಿ ಪ್ಯಾಲೇಸ್, ಎಲ್ಲಾ ಮೊದಲು ಬಂದಿದ್ದು? ಸುಮ್ನೆ ಎಲ್ಲರೂ ಬೈದರು ಅಂತ ಬೈಯಬೇಡಿ.

ಸಕಲೇಶಪುರ_ವೈರಿಂಗ್:
ಎರಡರ ಜಗಳ ಆಮೇಲೆ ಆಡಿ. 60ರ ಬದಲು 50 ಆದರೆ ಆರರಲ್ಲಿ ಒಂದು ಪಾಲು ನಿಧಾನ, ಎಷ್ಟೋ ಜನಕ್ಕೆ ಗೊತ್ತೂ ಆಗಲ್ಲ. ಕಳಸದವರು ಹೇಳೋದು ಅರ್ಧಕ್ಕರ್ಧ ಇದ್ದ ಹಾಗಿದೆ. ಕಲೆಕ್ಷನ್‌ನಲ್ಲಿರುವ ಮೂರೂ ಪಿಎಸ್2 ಆಟಗಳು, ಸೆಕೆಂಡಿಗೆ ಬರುವ ಚಿತ್ರ, ಅಂದರೆ ಫ್ರೇಮು, ಕಡಿಮೆಯಾದರೆ ಆಟವೇ ನಿಧಾನ ಆಗುತ್ತದೆ, ಮ್ಯೂಸಿಕ್ ತನ್ನ ಪಾಡಿಗೆ ಹೋಗುತ್ತಿರುತ್ತದೆ. ಸ್ಟೀಮ್ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ರೇಟ್ ತೋರಿಸುವ ಆಯ್ಕೆ ಇದೆ. ಅದನ್ನು ಆನ್ ಮಾಡಿ, ನಿಧಾನ ಆದಾಗ ನಂಬರ್ ಎಷ್ಟಿದೆ ನೋಡಿ ಹೇಳಿ.

ಬೇಲೂರು_144:
ಹೀಟು ಸ್ವಾಮಿ, ಹೀಟು. ಬೆಳಿಗ್ಗೆಯಿಂದ ಕೆಲಸ ಮಾಡಿ ಸಂಜೆಗೆ ಬಿಸಿಯಾಗಿರುತ್ತದೆ. ನಾನು ಡೆಸ್ಕ್‌ಟಾಪಿಗೆ ಮೂರು ಫ್ಯಾನ್ ಹಾಕಿಸಿದ್ದೇನೆ, 144 ಹರ್ಟ್ಜ್ ಮಾನಿಟರ್, ಐದನೇ ಭಾಗ ಆಡ್ತಾ ಇದ್ರೆ ನೋಡಬೇಕು ನೀವು. ಕ್ಯಾಬಿನೆಟ್ ಫೋಟೋ ಬೇಕಾದ್ರೆ ಹಾಕ್ತೀನಿ.

ಕಳಸದ_ಹುಡುಗ:
ನೋಡಿದೆ. ಸರಿಯಿದ್ದಾಗ 60, ನಿಧಾನ ಆದಾಗ 30. ಅಲ್ಲಾಡದೆ ನಿಂತಿರುತ್ತದೆ, 29ಕ್ಕೂ ಇಳಿಯಲ್ಲ, 31ಕ್ಕೂ ಏರಲ್ಲ. ಐದನೇ ಭಾಗವನ್ನೂ ಸಂಜೆ ಹಾಕಿ ನೋಡಿದೆ. ಅದು ನಿಧಾನ ಆಗಲ್ಲ, ಆದರೆ ಅದೇ ಹೊತ್ತಿಗೆ ಕುಂಟುತ್ತದೆ. ಇನ್ನೊಂದು, ನಿಧಾನ ಆಗುವಾಗ ಸ್ಕ್ರೀನು ಒಂಚೂರು ಮಂಕಾಗುತ್ತದೆ ಅನ್ನಿಸುತ್ತದೆ, ಆಟದಲ್ಲೇ ಕತ್ತಲು ಜಾಸ್ತಿ ಇರೋದರಿಂದ ಸರಿಯಾಗಿ ಹೇಳೋಕಾಗಲ್ಲ.

ಹಳೇ_ಪಿಎಸ್2:
30 ಅಂದರೂ ಮೂಲದಲ್ಲಿ ಹರ್ಟ್ಜ್ ವಿಷಯವೇ. ಫ್ರೇಮನ್ನು ಸ್ಕ್ರೀನಿನ ಹರ್ಟ್ಜ್‌ಗೆ ಹೊಂದಿಸುವ ವಿ-ಸಿಂಕ್ ಆಫ್ ಮಾಡಿ. ನಮ್ಮ ದೇಶದ ಕರೆಂಟೇ 50 ಹರ್ಟ್ಜ್.

ರಾಯಲ್‌ಗಾರ್ಡ್_ರಾಜ:
ಅಣ್ಣಾ, ಕರೆಂಟಿನ ಹರ್ಟ್ಜ್ ಬೇರೆ, ಸ್ಕ್ರೀನಿನ ಹರ್ಟ್ಜ್ ಬೇರೆ!!

ಸಕಲೇಶಪುರ_ವೈರಿಂಗ್:
ಬಿಸಿಯಾಗಿ ನಿಧಾನ ಆದರೆ ನಂಬರ್ ಕುಣಿಯುತ್ತದೆ, 52, 41, 47 ಹೀಗೆ. ಗೀಟು ಎಳೆದ ಹಾಗೆ 30ಕ್ಕೆ ನಿಂತಿದೆ ಅಂದರೆ ಯಾರೋ ಬೇಕಂತಲೇ ತಡೆ ಹಾಕಿದ್ದಾರೆ. ಸ್ಕ್ರೀನು ಮಂಕು ಅಂದಿರಲ್ಲ, ಆಗ ಚಾರ್ಜರ್ ಹಾಕಿರುತ್ತಾ?

ಕಳಸದ_ಹುಡುಗ:
ಯಾವಾಗಲೂ ಹಾಕಿಯೇ ಇರುತ್ತದೆ ಮಾರಾಯ್ರೆ, ಇದನ್ನೂ ಹೇಳಬೇಕಾ.

ಸಕಲೇಶಪುರ_ವೈರಿಂಗ್:
ಆಗ ಕರೆಂಟು ಇರುತ್ತಾ?

ಕಳಸದ_ಹುಡುಗ:
ಇರುತ್ತದೆ. ಲೈಟು, ಫ್ಯಾನು ಓಡ್ತಿರುತ್ತವೆ, ಹೊರಗೆ ಅಮ್ಮ ಟಿವಿ ನೋಡ್ತಿರುತ್ತಾರೆ.

ಸಕಲೇಶಪುರ_ವೈರಿಂಗ್:
ಮನೇಲಿ ಇನ್ವರ್ಟರ್ ಇದೆಯಾ?

ಕಳಸದ_ಹುಡುಗ:
ಇದೆ. ಈ ಮಳೇಲಿ ಇಲ್ಲಿ ಇನ್ವರ್ಟರ್ ಇಲ್ಲದೆ ಯಾರು ಬದುಕ್ತಾರೆ? ದಿನಾ ಸಂಜೆ ಗಾಳಿ ಎದ್ದರೆ ಎಲ್ಲೋ ಒಂದು ಕಡೆ ಲೈನಿನ ಮೇಲೆ ಕೊಂಬೆ ಬೀಳುತ್ತದೆ.

ಸಕಲೇಶಪುರ_ವೈರಿಂಗ್:
ಇದನ್ನು ಮೊದಲ ದಿನವೇ ಬರೆದಿದ್ದರೆ ನಾವು ಇಷ್ಟು ದೂರ ಬರ್ತಿರಲಿಲ್ಲ. ಇನ್ವರ್ಟರ್ ಕೂರಿಸುವಾಗ ಮನೆಯ ಎಲ್ಲಾ ಪ್ಲಗ್ಗಿಗೂ ಲೈನ್ ಕೊಡಲ್ಲ. ಲೈಟು, ಫ್ಯಾನು, ಹಾಲಿನ ಒಂದೆರಡು ಪಾಯಿಂಟ್, ಅಷ್ಟೇ. ಗೀಸರ್, ಐರನ್ ಬಾಕ್ಸ್ ಹಾಕುವ ದೊಡ್ಡ ಪ್ಲಗ್ಗು ಹೊರಗೇ ಉಳಿಯುತ್ತದೆ. ನಿಮ್ಮ ರೂಮಿನಲ್ಲಿ ಚಾರ್ಜರ್ ಹಾಕಿರೋದು ಅಂಥ ಪ್ಲಗ್ಗಿಗೆ ಇರಬೇಕು. ಕರೆಂಟು ಹೋದರೂ ಲೈಟು ಕಣ್ಣು ಮಿಟುಕಿಸದೆ ಉರಿಯುತ್ತಿರುತ್ತದೆ, ನಿಮಗೆ ಗೊತ್ತೇ ಆಗಲ್ಲ, ಲ್ಯಾಪ್‌ಟಾಪ್ ಮಾತ್ರ ಬ್ಯಾಟರಿಗೆ ಬಂದಿರುತ್ತದೆ. ಆಟ ಫುಲ್ ಸ್ಕ್ರೀನ್ ಇರೋದರಿಂದ ಬ್ಯಾಟರಿ ಗುರುತೂ ಕಾಣಿಸಲ್ಲ. ನಿಮ್ಮ ಕಾರ್ಡಿನ ಸಾಫ್ಟ್‌ವೇರ್‌ನಲ್ಲಿ ಬ್ಯಾಟರಿ ಬೂಸ್ಟ್ ಅಂತ ಒಂದಿದೆ, ಬ್ಯಾಟರಿಯಲ್ಲಿದ್ದಾಗ ಫ್ರೇಮನ್ನು 30ಕ್ಕೆ ಕಟ್ಟಿಹಾಕುತ್ತದೆ. 60ಕ್ಕೆ ಮಾಡಿದ ಆಟ 30ರಲ್ಲಿ ಓಡಿದರೆ ಸರಿಯಾಗಿ ಅರ್ಧ ಸ್ಪೀಡು. ಐದನೇ ಭಾಗ ಹೊಸ ಎಂಜಿನ್, ಸಮಯದ ಲೆಕ್ಕ ಬೇರೆ ಇಟ್ಟುಕೊಳ್ಳುತ್ತದೆ, ಅದಕ್ಕೇ ಬರೀ ಕುಂಟುತ್ತದೆ.

ಆಟ ಆಡುತ್ತಾ ಮೇನ್ ಸ್ವಿಚ್ ಆಫ್ ಮಾಡಿ ನೋಡಿ. ಅಮ್ಮನಿಗೆ ಹೇಳಿ ಮಾಡಿ.

ಕಳಸದ_ಹುಡುಗ:
ಮಾಡಿದೆ. ಲೈಟು ಹಾಗೇ ಇತ್ತು, ಡಾಂಟೆ ನಿಧಾನ ಆದ. ಮತ್ತೆ ಆನ್ ಮಾಡಿದ ತಕ್ಷಣ ಓಡಿದ. ಬ್ಯಾಟರಿ ಬೂಸ್ಟ್ ಆಫ್ ಮಾಡಿ ಮತ್ತೊಮ್ಮೆ ನೋಡಿದೆ, ಬ್ಯಾಟರಿಯಲ್ಲೂ 60 ಬರ್ತಿದೆ. ಕೈ ಮುಗಿದೆ ಮಾರಾಯ್ರೆ.

ಸಕಲೇಶಪುರ_ವೈರಿಂಗ್:
ಹಳೇ ಆಟಕ್ಕೆ ಸರಿ. ಆದರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಐದನೇ ಭಾಗವಂತೂ ಬ್ಯಾಟರಿಯಲ್ಲಿ ಸರಿಯಾಗಿ ಓಡೋದು ಅನುಮಾನ. ಎಲೆಕ್ಟ್ರಿಷಿಯನ್ ಕರೆಸಿ ಆ ರೂಮಿಗೊಂದು ಇನ್ವರ್ಟರ್ ಪಾಯಿಂಟ್ ಎಳೆಸಿಕೊಳ್ಳಿ. 12 ವೋಲ್ಟ್ 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಅಂದರೆ ಕಾಗದದ ಮೇಲೆ 1800 ವ್ಯಾಟ್ ಅವರ್, ಕೈಗೆ ಸಿಗೋದು ಅದಕ್ಕಿಂತ ಕಡಿಮೆ. ಲ್ಯಾಪ್‌ಟಾಪ್ 150 ವ್ಯಾಟ್ ಎಳೆದರೆ ಲೆಕ್ಕ ಹಾಕಿಕೊಳ್ಳಿ. ಇನ್ವರ್ಟರ್ ಸ್ಕ್ವೇರ್ ವೇವ್ ಆದರೆ ಚಾರ್ಜರ್ ಗುಯ್ ಅನ್ನಬಹುದು, ಸೈನ್ ವೇವ್ ಒಳ್ಳೇದು.

ಬೇಲೂರು_144:
ಸ್ಕ್ವೇರ್ ವೇವ್‌ನಲ್ಲೇ ನಮ್ಮನೆ ಎಲ್ಲಾ ಓಡುತ್ತಿತ್ತು, ಏನೂ ಆಗಿಲ್ಲ. ಈಗ ಲಿಥಿಯಂ ಹಾಕಿಸಿದ್ದೇನೆ ಬಿಡಿ. ಎರಡು ಮಾನಿಟರ್ ಹಾಕಿದರೂ ಜಗ್ಗಲ್ಲ.

ರಾಯಲ್‌ಗಾರ್ಡ್_ರಾಜ:
ಅಲ್ಲಿಗೆ ಬಂತು ನೋಡಿ ಮತ್ತೆ ಮಾನಿಟರ್. ಕಳಸದವರೇ, ವರ್ಜಿಲ್‌ಗೆ ಏಟು ತಪ್ಪಿಸಿಕೊಳ್ಳೋ ಟ್ರಿಕ್‌ಸ್ಟರ್ ಸ್ಟೈಲ್ ಹಾಕಿ, ದೂರ ಓಡಬೇಡಿ, ದೂರ ಹೋದರೆ ದೂರದಿಂದಲೇ ಸೀಳುವ ಜಡ್ಜ್‌ಮೆಂಟ್ ಕಟ್ ಬಿಡುತ್ತಾನೆ. ಅವನ ಹೊಡೆತ ತಪ್ಪಿದ ಮೇಲೆ ಒಂದೆರಡು ಏಟು ಕೊಟ್ಟು ಪಕ್ಕಕ್ಕೆ ಸರಿಯಿರಿ. ದುರಾಸೆ ಬೇಡ.

ಹೊಸಬ_ಅರಸೀಕೆರೆ:
ನನಗೂ ಹೆಚ್ಚುಕಮ್ಮಿ ಇದೇ ಸಮಸ್ಯೆ, ಆದರೆ ನಂದು ಡೆಸ್ಕ್‌ಟಾಪು, ಬ್ಯಾಟರಿಯೇ ಇಲ್ಲ. ಬೆಳಿಗ್ಗೆ ಸಂಜೆ ಅಂತಿಲ್ಲ, ಯಾವಾಗಲೂ ಒಂಚೂರು ನಿಧಾನ. ಯೂಟ್ಯೂಬ್ ವಿಡಿಯೋ ಪಕ್ಕ ಇಟ್ಟು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಹಳೇ_ಪಿಎಸ್2:
ಮಾನಿಟರ್ರೋ ಟಿವಿಯೋ?

ಹೊಸಬ_ಅರಸೀಕೆರೆ:
ಟಿವಿ.

ಹಳೇ_ಪಿಎಸ್2:
ರಿಫ್ರೆಶ್ ರೇಟ್ ಎಷ್ಟಿದೆ ನೋಡಿ.

ಹೊಸಬ_ಅರಸೀಕೆರೆ:
50 ಅಂತ ತೋರಿಸ್ತಿದೆ.

ಹಳೇ_ಪಿಎಸ್2:
ರಾಜಾ, ಬೇಲೂರಿನವರೇ, ಎಲ್ಲರೂ ಇದ್ದೀರಾ ಇಲ್ಲಿ?