ಒಂದೇ ಲೇಔಟ್‌ನಲ್ಲಿ ಎರಡು ನಕ್ಷೆಗಳು: ಕ್ಯೂಜಿಐಎಸ್

ಪ್ರಶ್ನೆ: ನಕ್ಷೆ ತಯಾರಿಸುವ ತಂತ್ರಾಂಶ ಕ್ಯೂಜಿಐಎಸ್‌ನ ಪ್ರಿಂಟ್ ಲೇಔಟ್‌ನಲ್ಲಿ (ಮುದ್ರಣದ ಪುಟ ಜೋಡಿಸುವ ಕಿಟಕಿ) ಕೊಡಗಿನ ತಾಲ್ಲೂಕು ನಕ್ಷೆಯನ್ನೂ ಮೂಲೆಯಲ್ಲಿ ಕರ್ನಾಟಕದ ಕಿರುನಕ್ಷೆಯನ್ನೂ ಇಟ್ಟಿದ್ದೇನೆ. ಕಿರುನಕ್ಷೆಗೆ ಬೇಡವೆಂದು ಮುಖ್ಯ ಕಿಟಕಿಯಲ್ಲಿ ಕಾವೇರಿಯ ಪದರವನ್ನು ಮರೆಮಾಡಿದರೆ ಎರಡರಲ್ಲೂ ಮಾಯವಾಗುತ್ತದೆ. ತಡೆಯುವುದು ಹೇಗೆ?

ಉತ್ತರ: ಕಾವೇರಿ ಕಾಣುತ್ತಿರುವಾಗಲೇ ದೊಡ್ಡ ನಕ್ಷೆಯನ್ನು ಆಯ್ದು, ಐಟಂ ಪ್ರಾಪರ್ಟೀಸ್‌ನಲ್ಲಿ ‘ಲಾಕ್ ಲೇಯರ್ಸ್’ ಗುರುತು ಹಾಕಿ.

ಮತ್ತೊಂದು ಉತ್ತರ: ಹಾಗೆ ಬೀಗ ಹಾಕಿ, ಆಮೇಲೆ ಸೇರಿಸಿದ ಪದರ ಕಾಣದೆ ಪರದಾಡಿದವರಲ್ಲಿ ನಾನೂ ಒಬ್ಬ. ಲೇಯರ್ಸ್ ಫಲಕದ ಕಣ್ಣಿನ ಚಿಹ್ನೆಯಿಂದ ಎರಡು ಮ್ಯಾಪ್ ಥೀಮ್‌ಗಳನ್ನು (ಯಾವ ಪದರಗಳು ಕಾಣಬೇಕೆಂಬ ಆಯ್ಕೆಗಳನ್ನು) ಉಳಿಸಿ, ‘ಫಾಲೋ ಮ್ಯಾಪ್ ಥೀಮ್’ ಮೂಲಕ ಪ್ರತಿ ನಕ್ಷೆಗೂ ಒಂದೊಂದನ್ನು ಜೋಡಿಸುವುದೇ ಮೇಲು. ಕಿರುನಕ್ಷೆಯ ‘ಓವರ್‌ವ್ಯೂಸ್’ನಲ್ಲಿ ದೊಡ್ಡ ನಕ್ಷೆಯನ್ನು ಸೂಚಿಸಿದರೆ ಕೊಡಗಿನ ಮೇಲೆ ಆಯತ ತಾನಾಗಿ ಮೂಡುತ್ತದೆ.

ಪ್ರಶ್ನೆ ಕೇಳಿದವರು: ಥೀಮ್‌ನಿಂದ ಸರಿಹೋಯಿತು, ಧನ್ಯವಾದ. ಆದರೆ ಸ್ಕೇಲ್ ಬಾರ್ ನೂರಾರು ಕಿಲೋಮೀಟರ್ ತೋರಿಸುತ್ತಿದೆ.

ಉತ್ತರ: ಅದು ಕಿರುನಕ್ಷೆಗೆ ಅಂಟಿಕೊಂಡಿರಬೇಕು, ಸ್ಕೇಲ್ ಬಾರ್‌ನ ‘ಮ್ಯಾಪ್’ ಆಯ್ಕೆಯಲ್ಲಿ ದೊಡ್ಡ ನಕ್ಷೆಯನ್ನು ಸೂಚಿಸಿ.